ನಾಳೆಯ ಸಾಲು

ಭಾರಿ ಮಳೆಯ ಒಂದು ಕೆಂಪು ಎಚ್ಚರಿಕೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು, ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುವ ಅವನು ಕಳೆದ ವರ್ಷ ಕೂತು ಲೆಕ್ಕ ಹಾಕಿದ್ದ. ಕರಾವಳಿಯ ಅಷ್ಟೂ ಶಾಲೆಗಳಿಗೆ ಒಂದು ದಿನದ ರಜೆ. ಸಾವಿರದ ನಾನೂರು ದೋಣಿಗಳ ಒಂದು ದಿನದ ದುಡಿಮೆ. ಕೊಳ್ಳುವವರಿಲ್ಲದೆ ಕಾರ್ಖಾನೆಯ ನೆಲದಲ್ಲೇ ಕರಗಿದ ಮಂಜುಗಡ್ಡೆ ಎಂಟು ಲಾರಿ. ದೊಡ್ಡಾಸ್ಪತ್ರೆಯಲ್ಲಿ ಮುಂದಕ್ಕೆ ಹೋದ ಆಪರೇಷನ್ ಹನ್ನೊಂದು, ಅದರಲ್ಲೊಂದು ಅವನ ಮಾವನವರ ಕಣ್ಣಿನದು. ಇಷ್ಟೆಲ್ಲ ಖರ್ಚು ಮಾಡಿಸಿದ ಆ ದಿನದ ಬಿಸಿಲು ಎಂಥದಿತ್ತೆಂದರೆ, ಬೆಳಗ್ಗೆ ಕೊಡೆ ಹಿಡಿದು ಕಚೇರಿಗೆ ಹೋದವನು ಸಂಜೆ ಅದನ್ನು ಬಗಲಲ್ಲಿ ಬಚ್ಚಿಟ್ಟುಕೊಂಡು ಹಿಂದಿನ ಬೀದಿಯಿಂದ ಮನೆ ಸೇರಿದ್ದ. ಅಂದಿನಿಂದ ಕಚೇರಿಯಲ್ಲಿ ಬೆನ್ನ ಹಿಂದೆ ಅವನು ಕೊಡೆ ಸಾರ್. ಮನೆಯಲ್ಲಿ ಅತ್ತೆ ಬೆನ್ನ ಹಿಂದೆ ಆಡುವವರಲ್ಲ, ಎದುರಿಗೇ ಮಗಳಿಗೆ ಹೇಳುತ್ತಿದ್ದರು: "ಅಳಿಯಂದಿರು ಇವತ್ತು ಮಳೆ ಅಂದ್ರಾ? ಹಾಗಾದ್ರೆ ಹಾಸಿಗೆಗಳನ್ನ ಬಿಸಿಲಿಗೆ ಹಾಕೇ." ನಗುತ್ತಲೇ ಹೇಳುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕ ಮೇಲೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆ ಮಾತು ದಿನವಿಡೀ ಕೆಣಕುತ್ತಿತ್ತು. ಆಮೇಲೆ ಅವನು ಕೆಂಪು ಕೊಟ್ಟಿರಲಿಲ್ಲ.

ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿರುವ ಆ ಸಣ್ಣ ಊರಿನಲ್ಲಿ ಬಸ್ಸಿಳಿದಾಗ ಹತ್ತೂವರೆ. ಚೀಲದಲ್ಲಿ ಗಾಜು ಹಾಕಿಸಿದ ಪ್ರಶಸ್ತಿಪತ್ರವಿತ್ತು. ಊರಿನ ಮಳೆ ಅಳೆದು ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಕಚೇರಿಗೆ ಫೋನು ಮಾಡುವ ನಿವೃತ್ತ ಮೇಷ್ಟ್ರಿಗೆ ಅದನ್ನು ಕೊಟ್ಟು, ಫೋಟೋ ತೆಗೆಸಿಕೊಂಡು, ಎರಡು ಗಂಟೆಯ ಬಸ್ಸಿಗೆ ಅವನು ವಾಪಸಾಗಬೇಕು. ಪ್ರಶಸ್ತಿ ಮೇಷ್ಟ್ರದಾದರೂ ಒಳಗೊಳಗೆ ಅದು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಇಪ್ಪತ್ತೆರಡು ಕೇಂದ್ರಗಳಲ್ಲಿ ಇದೊಂದರಲ್ಲಿ ಮೂರು ವರ್ಷಗಳಿಂದ ಅವನ ಮುನ್ಸೂಚನೆ ತಪ್ಪಿರಲಿಲ್ಲ. ಬೇರೆ ಊರುಗಳು ಅವನನ್ನು ಕೊಡೆ ಸಾರ್ ಮಾಡಿದ ದಿನಗಳಲ್ಲಿ ಅವನು ಬಾಗಿಲು ಹಾಕಿಕೊಂಡು ಈ ಊರಿನ ಅಂಕಿಗಳನ್ನು ತೆಗೆದು ನೋಡುತ್ತಿದ್ದ. ಅವನು ಹೇಳಿದ್ದು ಒಂದು ಸಾಲು, ಬಿದ್ದದ್ದು ಒಂದು ಸಾಲು, ಎರಡೂ ಅಣ್ಣತಮ್ಮಂದಿರ ಹಾಗೆ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಿದ್ದವು. ಕಚೇರಿಯ ಕಂಪ್ಯೂಟರಿನಲ್ಲಿ ಕಡಲನ್ನೂ ಬೆಟ್ಟವನ್ನೂ ಮೂರು ಮೂರು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, ಯಾವ ಚೌಕದಲ್ಲಿ ಎಷ್ಟು ಬೀಳುತ್ತದೆಂದು ಪ್ರತಿ ಮುಂಜಾನೆ ಹೇಳುವ ಮಾಡೆಲ್ ಇದೆ. ಅದು ಹೇಳಿದ್ದನ್ನು ಹಾಗೇ ಊರಿಗೆ ಹೇಳುವಂತಿಲ್ಲ. ಒಂದೊಂದು ಊರಿಗೆ ಒಂದೊಂದು ಥರ ಅದು ಸುಳ್ಳು ಹೇಳುತ್ತದೆ. ಆ ಸುಳ್ಳಿನ ಅಳತೆ ತಿಳಿದು ತಿದ್ದುವುದೇ ಅವನ ಕಸುಬು. ಈ ಊರಿಗೆ ಅದು ಹೆಚ್ಚು ಹೇಳುತ್ತದೆಂದು ಅವನು ಮೊದಲ ವರ್ಷವೇ ಕಂಡುಕೊಂಡಿದ್ದ. ಅದು ನೂರು ಎಂದಾಗ ಎಂಬತ್ತು ಎಂದ. ಮರುದಿನ ಮೇಷ್ಟ್ರ ಫೋನು, ಎಪ್ಪತ್ತೊಂಬತ್ತು ಪಾಯಿಂಟ್ ಆರು. ಇನ್ನಷ್ಟು ಧೈರ್ಯ ಮಾಡಿ ಅರವತ್ತು ಎಂದ. ಅರವತ್ತು ಪಾಯಿಂಟ್ ಮೂರು. ಹೀಗೆ ಇಳಿಸುತ್ತ ಇಳಿಸುತ್ತ ಈಗ ಕಾಲು ಭಾಗಕ್ಕೆ ತಂದು ನಿಲ್ಲಿಸಿದ್ದ. ಇವತ್ತು ಮುಂಜಾನೆ ಮಾಡೆಲ್ ಈ ಚೌಕಕ್ಕೆ ಇನ್ನೂರ ಎಂಬತ್ತು ಮಿಲಿಮೀಟರ್ ಎಂದಿತ್ತು. ಅವನು ಹಲ್ಲುಜ್ಜುವಷ್ಟು ಸಲೀಸಾಗಿ ಅದನ್ನು ಅರವತ್ತೈದು ಮಾಡಿ ಕಳಿಸಿ ಬಸ್ಸು ಹತ್ತಿದ್ದ.

ಗಾಳಿ ನಿಂತುಹೋಗಿತ್ತು. ಕಡಲು ಇಷ್ಟು ಹತ್ತಿರವಿದ್ದೂ ಸದ್ದಿಲ್ಲ. ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಮೇಷ್ಟ್ರ ಮನೆಗೆ ಕೆಳಗಿನ ಕೇರಿಯನ್ನು ಹಾದೇ ಹೋಗಬೇಕು. ಅಳಿವೆಗೆ ಅಂಟಿಕೊಂಡು ಎರಡು ಸಾಲು ಮನೆ, ನಡುವೆ ಒಂದು ಕಾಲುವೆ. ಕಾಲುವೆಯ ನೀರು ಕಡಲಿಗೆ ಹೋಗದೆ ಕಡಲಿನಿಂದ ಮನೆಗಳ ಕಡೆ ತೆವಳಿಕೊಂಡು ಬರುತ್ತಿತ್ತು. ಭರತದ ಹೊತ್ತು, ಕಡಲು ಉಬ್ಬುವಾಗ ಅದು ಸಹಜ ಎಂದುಕೊಂಡ. ಆಮೇಲೆ ಗೋಡೆಗಳನ್ನು ಕಂಡ. ಪ್ರತಿ ಮನೆಯ ಗೋಡೆಯಲ್ಲೂ ಒಂದೇ ಮಟ್ಟಕ್ಕೆ, ಅವನ ಸೊಂಟದ ಎತ್ತರಕ್ಕೆ, ದಾರ ಹಿಡಿದು ಎಳೆದಂತೆ ಕಂದು ಬಣ್ಣದ ಗೆರೆ. ಗೆರೆಯ ಕೆಳಗೆ ಸುಣ್ಣ ಉದುರಿತ್ತು. ಕೇರಿಯ ತುದಿಯ ಚಹಾದಂಗಡಿಯ ಗೋಡೆಯ ಮೇಲೂ ಅದೇ ಗೆರೆ ಇತ್ತು; ಅದರ ಮೇಲೆ ಒಂದು ಕರಿಹಲಗೆ, ಹಲಗೆಯಲ್ಲಿ ಮುದ್ದಾದ ಅಕ್ಷರ: ನಿನ್ನೆ ಬಿದ್ದ ಮಳೆ 12.4. ನಾಳೆ ಬೆಳಗಿನವರೆಗೆ 65.

"ಈ ಗೆರೆ ಏನಮ್ಮ?" ಚಹಾ ಹೇಳಿ ಕೇಳಿದ.

ಅಂಗಡಿಯ ಹೆಂಗಸು ಐವತ್ತು ದಾಟಿದವಳು, ದಪ್ಪ ದನಿ. ಕೇರಿಗೆಲ್ಲ ಅವಳು ಅಂಗಡಿ ಅಕ್ಕ. "ನೀರು ಬಂದಿದ್ದು ಸಾರ್. ಹೋದ ಮಳೆಗಾಲ. ನನ್ನ ಸಕ್ಕರೆ ಡಬ್ಬ ತೇಲಿಕೊಂಡು ಅತ್ತಿಗೆ ಮನೆ ಸೇರಿತ್ತು. ವಾಪಸ್ ಬರೋವಾಗ ಅರ್ಧ ಸಕ್ಕರೆ ಇರಲಿಲ್ಲ. ಕರಗಿತು ಅಂದಳು. ಮುಚ್ಚಳ ಗಟ್ಟಿಯಿತ್ತು, ಆದರೂ ಕರಗಿತಂತೆ."

"ಹಾಗಾದರೆ ಆವತ್ತು ಭಾರಿ ಮಳೆ."

"ಇಲ್ಲ. ಭಾರಿ ಏನಿಲ್ಲ." ಅವಳು ಹಲಗೆಯ ಕಡೆ ನೋಡಿದಳು, ಮನೆಯ ಹಿರಿಯರನ್ನು ನೋಡುವ ಹಾಗೆ. "ಮೂವತ್ತೆಂಟೋ ಏನೋ ಬರೆದಿತ್ತು. ನಮಗೂ ಮೊದಲು ಜಾಸ್ತಿ ಅನ್ನಿಸಿತ್ತು. ಮೂವತ್ತೆಂಟು ಅಂದ ಮೇಲೆ ಮೂವತ್ತೆಂಟೇ ಅಲ್ವಾ? ನಮ್ಮ ಭ್ರಮೆ."

"ನೀರು ಸೊಂಟದವರೆಗೆ ಬಂದಿತ್ತಲ್ಲ."

"ಬಂದಿತ್ತು. ಅದು ಬೇರೆ, ಮಳೆ ಬೇರೆ." ಅವಳು ಲೋಟ ಅವನ ಮುಂದಿಟ್ಟಳು. "ಮಳೆ ಹೇಳೋ ಆಫೀಸಿನವರ ಮಾತು ಇಲ್ಲಿ ಮೂರು ವರ್ಷದಿಂದ ಒಂದು ಸಲಾನೂ ತಪ್ಪಿಲ್ಲ ಸಾರ್. ಮುಂಚೆ ನಾನೂ ಗಾಳಿ ನೋಡಿ ಹೇಳ್ತಿದ್ದೆ. ಇವತ್ತು ಬೆಳಗ್ಗೆ ಎದ್ದಾಗ ಮೈ ಯಾಕೋ ಜುಮ್ಮಂತು, ಸಾಮಾನು ಕಟ್ಟಿಡೋಣ ಅನ್ನಿಸಿತು. ಹಲಗೆ ನೋಡಿದೆ. ಅರವತ್ತೈದು. ಸುಮ್ಮನಾದೆ."

ತಾನು ಯಾರೆಂದು ಹೇಳಿಕೊಳ್ಳಬೇಕೆಂದಿದ್ದವನು ಹೇಳಲಿಲ್ಲ. ಮೂವತ್ತೆಂಟು ಮಿಲಿಮೀಟರ್ ಮಳೆಗೆ ಒಂದು ಕೇರಿ ಸೊಂಟದವರೆಗೆ ಮುಳುಗುವುದಿಲ್ಲ. ಮೂವತ್ತೆಂಟಕ್ಕೆ ಚರಂಡಿ ತುಂಬುತ್ತದೆ, ಚಪ್ಪಲಿ ನೆನೆಯುತ್ತದೆ, ಅಷ್ಟೇ. ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಮಾಡೆಲ್ ನೂರೈವತ್ತರ ಮೇಲೆ ಹೇಳಿತ್ತು, ಅವನು ಮೂವತ್ತೆಂಟು ಎಂದಿದ್ದ, ಮರುದಿನದ ಸಭೆಯಲ್ಲಿ ಮೇಲಧಿಕಾರಿ, ಕಚೇರಿಗೆಲ್ಲ ಹಿರಿಯರು, ಎಲ್ಲರೆದುರು ಅವನ ಭುಜ ತಟ್ಟಿದ್ದರು. ಭುಜದ ಆ ಜಾಗ ಈಗ ಉರಿಯಿತು.

ಮೇಷ್ಟ್ರು ದಿಬ್ಬದ ಮೇಲಿನ ಹಳೆ ಶಾಲೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಒಗೆದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಪ್ರಶಸ್ತಿಪತ್ರವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಗಾಜನ್ನು ತೋಳಿನಿಂದ ಒರೆಸಿ, ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿದರು. ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇತ್ತು. ಕಾಟು ಇಲ್ಲ, ಚಿತ್ತು ಇಲ್ಲ, ಮುತ್ತು ಪೋಣಿಸಿದಂಥ ಅಂಕಿಗಳು. ಅವನ ಕಣ್ಣು ಸಾಲು ಸಾಲಾಗಿ ಇಳಿಯಿತು. ಮೊನ್ನೆಯದು, ನಿನ್ನೆಯದು, ಇವತ್ತಿನದು, 12.4. ಅದರ ಕೆಳಗೆ ಇನ್ನೊಂದು ಸಾಲಿತ್ತು. ನಾಳೆಯ ತಾರೀಖು, ನಾಳೆಯ ಹೊತ್ತು ಎಂಟು ಮೂವತ್ತು, ಬಿದ್ದ ಮಳೆ 64.6, ಮುಂದೆ ಮೇಷ್ಟ್ರ ಸಹಿ. ಶಾಯಿ ಒಣಗಿತ್ತು.

ಬರದಿರುವ ಹಗಲೊಂದು ಆಗಲೇ ಮುಗಿದು, ಸಹಿ ಹಾಕಿಸಿಕೊಂಡು ಅಲ್ಲಿ ಮಲಗಿತ್ತು. ಅವನಿಗೆ ಒಂದು ಕ್ಷಣ ತಾನು ಎಲ್ಲಿದ್ದೇನೆ, ಇವತ್ತಿನಲ್ಲೋ ನಾಳೆಯಲ್ಲೋ ಎಂಬುದೇ ತಪ್ಪಿತು. ಮನೆಯಲ್ಲಿ ಗೋಡೆ ಗಡಿಯಾರ ನಿಂತುಹೋದ ದಿನ ಅವನು ಹೀಗೇ ನಡುಮನೆಯಲ್ಲಿ ನಿಂತಿದ್ದ, ಕೈಯಲ್ಲಿ ಊಟದ ಡಬ್ಬಿ, ಹೋಗಬೇಕಾದದ್ದೋ ಬಂದದ್ದೋ ತಿಳಿಯದೆ.

"ಇದು ನಾಳೆಯದು ಮೇಷ್ಟ್ರೇ."

"ಹೌದು ಸಾರ್. ಬೆಳಗ್ಗೆ ಕೈ ನಡುಗುತ್ತೆ, ಅಕ್ಷರ ಕೆಡುತ್ತೆ. ಹಗಲಲ್ಲೇ ಬರೆದಿಟ್ಟುಕೊಳ್ತೀನಿ."

"ಮಳೆಮಾಪಕ ತೋರಿಸಿ."

ಶಾಲೆಯ ಹಿಂದೆ, ಬೇಲಿಯೊಳಗೆ, ಇಲಾಖೆಯೇ ಕೊಟ್ಟ ಮಳೆಮಾಪಕ ಸರಿಯಾದ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಸುತ್ತ ಹುಲ್ಲು ಕಿತ್ತು ಓರಣ ಮಾಡಿತ್ತು. ಅದರ ಬಾಯಿಗೆ ಸ್ಟೀಲಿನ ತಟ್ಟೆಯೊಂದನ್ನು ಬೋರಲು ಹಾಕಿ, ತಟ್ಟೆ ಹಾರದಂತೆ ಮೇಲೊಂದು ಕಲ್ಲಿಟ್ಟಿತ್ತು. ಕಲ್ಲಿನಿಂದ ತಟ್ಟೆಗೆ, ತಟ್ಟೆಯಿಂದ ಮಾಪಕದ ಮೈಗೆ ಜೇಡ ಬಲೆ ನೇಯ್ದಿತ್ತು. ಹಳೆಯ ಬಲೆ, ಧೂಳು ಹಿಡಿದದ್ದು.

"ಎಲೆ ಬೀಳುತ್ತೆ ಅಂತ," ಮೇಷ್ಟ್ರು ಹೇಳಿದರು.

ಅವನು ಕಲ್ಲನ್ನೇ ನೋಡುತ್ತ ನಿಂತ. ಮೇಷ್ಟ್ರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಲ್ಲ, ಪಾಠದ ದನಿಯಲ್ಲಿ ಶುರುಮಾಡಿದರು. "ಮೊದಲ ತಿಂಗಳು ಅಳೀತಿದ್ದೆ ಸಾರ್. ಎದೆ ಮುಟ್ಟಿ ಹೇಳ್ತೀನಿ, ಗ್ಲಾಸನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಅಳೀತಿದ್ದೆ. ಒಂದು ದಿನ ನೂರ ಹನ್ನೆರಡು ಬಿತ್ತು. ಫೋನ್ ಮಾಡಿದೆ. ನಿಮ್ಮ ಆಫೀಸಿಂದ ಒಬ್ಬರು, ಇರಲಾರದು, ನಾವು ಎಂಬತ್ತು ಹೇಳಿದ್ದೀವಿ, ಸರಿಯಾಗಿ ನೋಡಿ ಅಂದರು. ಮತ್ತೆ ನೋಡಿದೆ, ನೂರ ಹನ್ನೆರಡೇ. ಮೇಷ್ಟ್ರೇ, ಕನ್ನಡಕ ಬದಲಾಯಿಸಿ ಅಂದರು. ನಲವತ್ತು ವರ್ಷ ಮಕ್ಕಳ ಲೆಕ್ಕ ತಿದ್ದಿದವನು ನಾನು. ಮೂರನೇ ಸಲ ಹೋಗಿ ನೋಡಿದೆ. ಆಮೇಲೆ ಅನ್ನಿಸಿತು, ಅಷ್ಟು ಓದಿದವರು, ಅಂಥಾ ಯಂತ್ರ, ನನ್ನದೊಂದು ಗಾಜಿನ ಲೋಟ. ಎಪ್ಪತ್ತೊಂಬತ್ತು ಪಾಯಿಂಟ್ ಆರು ಅಂದೆ. ಸರಿ ಅಂದರು. ಮಾರನೇ ದಿನ ನೀವು ಹೇಳಿದ್ದನ್ನೇ ಸ್ವಲ್ಪ ಆಚೀಚೆ ಮಾಡಿ ಹೇಳಿದೆ. ಥ್ಯಾಂಕ್ಸ್ ಅಂದರು. ನಲವತ್ತು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನಗೆ ಥ್ಯಾಂಕ್ಸ್ ಅಂದಿರಲಿಲ್ಲ." ಅವರು ಅವನ ಮುಖವನ್ನು ಮೃದುವಾಗಿ ನೋಡಿದರು. "ಆ ದನಿ ನಿಮ್ಮದೇ ಅಲ್ವಾ ಸಾರ್?"

ಅವನದೇ. ಕನ್ನಡಕದ ಮಾತು ಆಡಿ ಫೋನಿಟ್ಟು ಪಕ್ಕದ ಮೇಜಿನವರ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದು ಕೂಡ ಅವನಿಗೆ ಈಗ ಕಾಣಿಸಿತು. ಮೂರು ವರ್ಷ ಅವನು ಬಾವಿಗೆ ಬಗ್ಗಿ ಕೂಗಿ, ಬಂದ ಮಾರ್ದನಿಯನ್ನು ಊರಿನ ಉತ್ತರ ಎಂದುಕೊಂಡಿದ್ದ. ಮಾಡೆಲ್ ಸುಳ್ಳು ಹೇಳುತ್ತಿರಲಿಲ್ಲ. ನೂರೈವತ್ತು ಎಂದ ದಿನ ನೂರೈವತ್ತೇ ಬಿದ್ದು, ಸಕ್ಕರೆ ಡಬ್ಬ ತೇಲಿ, ಗೋಡೆ ಮೇಲೆ ಗೆರೆ ಎಳೆದು ಹೋಗಿತ್ತು. ಇವತ್ತು ಅದು ಹೇಳಿದ್ದು ಇನ್ನೂರ ಎಂಬತ್ತು. ಗೆರೆ ಇನ್ನೆಷ್ಟು ಮೇಲಕ್ಕೆ ಹೋಗುತ್ತದೆಂದು ಅವನು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟ. ಆ ಮನೆಗಳ ಸೂರುಗಳು ತಗ್ಗಿನವು.

ಶಾಲೆಯ ಜಗಲಿಯಲ್ಲಿ ನಿಂತು ಹಿರಿಯರಿಗೆ ಫೋನು ಮಾಡಿದ. ಮೊದಲು ನಿಜ ಹೇಳಲಿಲ್ಲ. ಗಾಳಿ ನಿಂತಿದೆ, ಕಡಲಿನ ಬಣ್ಣ ಸರಿಯಿಲ್ಲ, ನನ್ನ ಮನಸ್ಸಿಗೆ ಯಾಕೋ ಎಂದ. ಹೇಳುತ್ತ ಹೇಳುತ್ತ ತನ್ನ ದನಿ ಅತ್ತೆಯ ಮುಂದೆ ಕುಳಿತ ಅಳಿಯನ ದನಿಯಾಗುತ್ತಿರುವುದು ಕೇಳಿಸಿತು.

"ಮನಸ್ಸಿಗೆ ಯಾಕೋ ಅಂತ ಕೆಂಪು ಕೊಡೋಕಾಗತ್ತೇನಯ್ಯಾ? ಹೋದ ವರ್ಷದ್ದು ಮರೆತೆಯಾ? ಐಸ್ ಫ್ಯಾಕ್ಟರಿಯವನು ಈಗಲೂ ನನ್ನ ಕಂಡರೆ ಕೊಡೆ ಬಿಚ್ಚಿದ ಹಾಗೆ ಕೈ ಮಾಡ್ತಾನೆ. ಅದೂ ಆ ಊರಿಗೆ? ಅಲ್ಲಿ ನಿನ್ನ ಅಂಕಿ ದೇವರ ವಾಕ್ಯ ಇದ್ದ ಹಾಗೆ."

ಆಗ ಹೇಳಿದ. ತಟ್ಟೆ, ಕಲ್ಲು, ಜೇಡ, ನಾಳೆಯ ಸಾಲು, ಎಲ್ಲ.

"ಮೂರು ವರ್ಷ," ಹಿರಿಯರು ಅಂದರು. "ನಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿದೆ ಅದು. ನೋಡು, ಸದ್ಯಕ್ಕೆ ಯಾರಿಗೂ ಹೇಳಬೇಡ. ಕೆಂಪು ಬೇಡ, ಅದಕ್ಕಿಂತ ಕೆಳಗಿನ ಕಿತ್ತಳೆ ಕೊಡ್ತೀನಿ."

"ಕಿತ್ತಳೆಗೆ ಯಾರೂ ಮನೆ ಬಿಡಲ್ಲ ಸಾರ್."

"ಕೆಂಪಿಗೆ ಬಿಡ್ತಾರಾ? ನೀನು ಹೇಳಿದರೆ?"

ಬಿಡುವುದಿಲ್ಲ. ತಾನು ಹೇಳಿದರೆ ಹಾಸಿಗೆ ಬಿಸಿಲಿಗೆ ಹಾಕುತ್ತಾರೆ. ಅವನು ಕೇರಿಗೆ ಇಳಿದು ಹೋಗಿ ಅಂಗಡಿ ಅಕ್ಕನಿಗೆ, ನಾನು ಮಳೆ ಆಫೀಸಿನವನು, ಸಂಜೆಯೊಳಗೆ ಎಲ್ಲರೂ ದಿಬ್ಬ ಹತ್ತಬೇಕು ಎಂದ. ಬಲೆ ಹೊಲಿಯುತ್ತ ಕೂತಿದ್ದ ನಾಲ್ಕೈದು ಜನ ತಲೆಯೆತ್ತಿದರು. ಒಬ್ಬ ಆಕಾಶ ನೋಡಲಿಲ್ಲ, ಹಲಗೆ ನೋಡಿದ.

"ಅರವತ್ತೈದು ಅಂತ ಇದೆಯಲ್ಲ."

"ಅದು ತಪ್ಪು."

"ಅದು ತಪ್ಪಲ್ಲ ಸಾರ್," ಅಂಗಡಿ ಅಕ್ಕ ಸಮಾಧಾನ ಹೇಳುವ ಹಾಗೆ ಅಂದಳು. "ನೀವು ಹೊಸಬರಿರಬೇಕು. ಮೇಷ್ಟ್ರ ಪುಸ್ತಕದಲ್ಲಿ ಏನಿದೆ, ಕೇಳಿಕೊಂಡು ಬನ್ನಿ."

ಹಲಗೆಯೇ ಸುಳ್ಳು, ಪುಸ್ತಕವೇ ಸುಳ್ಳು, ಹೋದ ಮಳೆಗಾಲ ನಿಮ್ಮ ಸೊಂಟಕ್ಕೆ ಬಂದ ನೀರೇ ನಿಜ ಎಂದು ಕೂಗಬೇಕೆಂದು ಗಂಟಲವರೆಗೆ ಬಂತು. ಕೂಗಿದರೆ ಏನಾಗುತ್ತದೆಂದೂ ಅಲ್ಲೇ ನಿಂತು ಕಂಡ. ಪುಸ್ತಕದ ಮೇಲಿನ ನಂಬಿಕೆ ಹೋಗುತ್ತದೆ. ಅವನ ಮೇಲೆ ಹೊಸದಾಗಿ ನಂಬಿಕೆ ಹುಟ್ಟುವುದಿಲ್ಲ. ನಡುವೆ ಮಳೆ ಬರುತ್ತದೆ. ಹೊಳೆ ದಾಟುವಾಗ ದೋಣಿಯ ಹಲಗೆ ಕದ್ದ ಮರದ್ದು ಎಂದು ಗೊತ್ತಾದರೆ ದಡ ಸೇರಿದ ಮೇಲೆ ಹೇಳಬೇಕೇ ಹೊರತು ನಡುನೀರಿನಲ್ಲಲ್ಲ. ಅವನು ಮತ್ತೆ ದಿಬ್ಬ ಹತ್ತಿದ. ಅಂಗಿ ಬೆನ್ನಿಗೆ ಅಂಟಿತ್ತು.

"ಮೇಷ್ಟ್ರೇ, ನಾಳೆಯ ಸಾಲು ತಿದ್ದಬೇಕು."

"ರಿಜಿಸ್ಟರ್ ತಿದ್ದಬಾರದು ಸಾರ್. ನಿಮ್ಮ ಇಲಾಖೆ ಕಾಗದದಲ್ಲೇ ಇದೆ."

"ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆದು ಸಹಿ ಹಾಕಿ. ನಾನೂ ಹಾಕ್ತೀನಿ. ಇನ್ನೂರ ಎಂಬತ್ತು."

ಮೇಷ್ಟ್ರು ಪೆನ್ನು ಎತ್ತಿದರು. ಅವರು ಅವನನ್ನು ನೋಡಿದರು, ಕಿಟಕಿಯಾಚೆ ಕೇರಿಯ ಸೂರುಗಳನ್ನು ನೋಡಿದರು, ಎಲ್ಲ ಅರ್ಥವಾದವರಂತೆ ಪೆನ್ನಿನ ಮುಚ್ಚಳ ತೆಗೆದರು. "ಇನ್ನೂರ ಎಂಬತ್ತೊಂದು ಪಾಯಿಂಟ್ ನಾಲ್ಕು ಅಂತ ಮಾಡೋಣ ಸಾರ್. ಪಾಯಿಂಟ್ ಇಲ್ಲದ ಗುಂಡು ಅಂಕಿ ಕೊಟ್ಟರೆ ಜನ ನಂಬಲ್ಲ."

ಅವನಿಗೆ ನಗು ಬಂತು. ಅಂಕಿ ಬರೆದಾದ ಮೇಲೆ ಪಕ್ಕದಲ್ಲಿ ತಾನೂ ಸಹಿ ಹಾಕಿದ. ಮೇಷ್ಟ್ರು ರಿಜಿಸ್ಟರನ್ನು ಎದೆಗವಚಿಕೊಂಡು ಕೇರಿಗೆ ಇಳಿದರು. ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗುವವರೆಗೆ ಕಾದು, ಅದೇ ಮುದ್ದು ಅಕ್ಷರದಲ್ಲಿ 281.4 ಎಂದು ಬರೆದರು. ಯಾರೂ ಏನೂ ಕೇಳಲಿಲ್ಲ. ಅಂಗಡಿ ಅಕ್ಕ ಒಲೆ ಆರಿಸಿದಳು. ಬಲೆ ಹೊಲಿಯುತ್ತಿದ್ದವರು ಸೂಜಿ ಚುಚ್ಚಿಟ್ಟು ಎದ್ದರು. ಆಮೇಲಿನ ಎರಡು ಗಂಟೆ ಅವನು ಕಂಡದ್ದು ಬಿಸಿಲಿನಲ್ಲಿ, ಒಂದು ಮೋಡವೂ ಇಲ್ಲದ ಬಿಸಿಲಿನಲ್ಲಿ, ಒಂದು ಕೇರಿ ಪೂರಾ ಪಾತ್ರೆ, ಹಾಸಿಗೆ, ಕೋಳಿ, ಮುದುಕರನ್ನು ಹೊತ್ತುಕೊಂಡು ಸದ್ದಿಲ್ಲದೆ ದಿಬ್ಬ ಹತ್ತುವುದನ್ನು. ಆಗಿಹೋದದ್ದಕ್ಕೆ ಹೊರಟವರ ಹಾಗೆ ಅವರು ನಡೆಯುತ್ತಿದ್ದರು. ಒಬ್ಬರೂ ತಲೆಯೆತ್ತಿ ಮೇಲೆ ನೋಡಲಿಲ್ಲ. ಅವನೊಬ್ಬನೇ ನೋಡುತ್ತಿದ್ದ. ಬರದಿದ್ದರೆ? ಬರಲಿ ಎಂದು ಬೇಡಿಕೊಳ್ಳುತ್ತಿರುವುದು ಅರಿವಾಗಿ ನಾಚಿದ. ಮನೆಗಳು ಮುಳುಗಲಿ ಎಂದು ಬೇಡುವುದೂ ಇದೂ ಒಂದೇ ಅಲ್ಲವೆ.

ಎರಡು ಗಂಟೆಯ ಬಸ್ಸು ಬಂದು ಅವನಿಲ್ಲದೆ ಹೋಯಿತು. ನಾಲ್ಕಕ್ಕೆ ಬೆಟ್ಟದ ಕಡೆಯಿಂದ ತಣ್ಣನೆಯ ಉಸಿರೊಂದು ಬಂತು. ನಾಲ್ಕೂಕಾಲಿಗೆ ಕಡಲು ಕಾಣಿಸಲಿಲ್ಲ. ಅವನು ಬೇಲಿಯೊಳಗೆ ಓಡಿ, ಜೇಡನ ಬಲೆ ಹರಿದು, ಕಲ್ಲು ಎಸೆದು, ತಟ್ಟೆ ತೆಗೆದ. ಮೊದಲ ಹನಿಗಳು ಮಾಪಕದ ಬಾಯೊಳಗೆ ಟಣ್ ಎಂದು ಬಿದ್ದದ್ದು ಕೇಳಿಸಿತು. ಮೂರು ವರ್ಷದಲ್ಲಿ ಅದರೊಳಗೆ ಬಿದ್ದ ಮೊದಲ ನೀರು. ಆಮೇಲೆ ಏನೂ ಕೇಳಿಸಲಿಲ್ಲ. ಹನಿ ಎನ್ನುವಂಥದು ಇರಲಿಲ್ಲ, ಗೋಡೆ ಇತ್ತು. ಕತ್ತಲಾಗುವ ಮೊದಲೇ ಕಾಲುವೆ, ಕೇರಿ, ಅಳಿವೆ ಒಂದೇ ಆಗಿದ್ದವು. ಕೇರಿಯ ತುದಿಯಲ್ಲಿ ಇಬ್ಬರು ಮುದುಕರು, ಗಂಡ ಹೆಂಡತಿ, ಬಾಗಿಲಿಗೆ ಬೀಗ ಹಾಕಲು ವಾಪಸು ಹೋಗಿದ್ದಾರೆಂದು ಯಾರೋ ಕೂಗಿದರು. ಅವನೂ ಬಲೆಯವರೂ ಹಗ್ಗ ಹಿಡಿದು ಇಳಿದರು. ಮಾಪಕದೊಳಗಿನ ಬಾಟಲಿ ಎಷ್ಟು ಹಿಡಿಯುತ್ತದೆಂದು ಅವನಿಗೆ ಗೊತ್ತಿತ್ತು. ತುಂಬುವ ಮೊದಲು ಒಮ್ಮೆ ಅಳೆದು ಚೆಲ್ಲಿ ಮತ್ತೆ ಇಡಬೇಕು, ಎಳೆಯರಿಗೆ ಅವನೇ ಕಲಿಸುವ ಪಾಠ. ಎದೆಮಟ್ಟ ನೀರಿನಲ್ಲಿ, ಬೆನ್ನ ಮೇಲೆ ಮುದುಕಿ, ಅವಳ ಮುಷ್ಟಿಯೊಳಗೆ ಬೀಗದ ಕೈ, ಅವನಿಗೆ ಅದು ನೆನಪಾಯಿತು. ಈಗ ಚೆಲ್ಲಬೇಕಿತ್ತು ಎಂದುಕೊಂಡ. ಮುದುಕಿ ಕಿವಿಯಲ್ಲಿ, "ಮೆಲ್ಲಗೆ ಮಗಾ, ನಿನ್ನ ಚಪ್ಪಲಿ ಹೋಯ್ತು," ಎಂದಳು.

ಬೆಳಗ್ಗೆ ಮಳೆ ನಿಂತಿತ್ತು. ಶಾಲೆಯ ಕೋಣೆಗಳಲ್ಲಿ ಜನ ಒಬ್ಬರ ಮೇಲೊಬ್ಬರು ಮಲಗಿದ್ದರು. ಅವನು ಬರಿಗಾಲಲ್ಲಿ ಬೇಲಿಯೊಳಗೆ ಹೋಗಿ ಮಾಪಕದ ಆಲಿಕೆ ಎತ್ತಿ ನೋಡಿದ. ಬಾಟಲಿ ಕಂಠದವರೆಗೆ ತುಂಬಿ, ಹೊರಗಿನ ಡಬ್ಬಿಯೂ ತುಂಬಿ, ಉಕ್ಕಿ ಹೋಗಿತ್ತು. ಎಷ್ಟು ಉಕ್ಕಿತ್ತೆಂದು ತಿಳಿಯುವ ಬಗೆ ಇರಲಿಲ್ಲ. ಇನ್ನೂರ ಐವತ್ತಿರಬಹುದು, ನಾನೂರಿರಬಹುದು. ಒಳಗೆ ಬಂದಾಗ ಎಂಟೂವರೆ. ಮೇಷ್ಟ್ರು ಫೋನು ಹಿಡಿದು ನಿಂತಿದ್ದವರು ಅದನ್ನು ಅವನ ಕೈಗೆ ಕೊಟ್ಟರು. ಆ ಕಡೆ ಹಿರಿಯರು. ಅವರ ದನಿಯಲ್ಲಿ ರಾತ್ರಿಯಿಡೀ ನಿದ್ದೆಯಿರಲಿಲ್ಲ.

"ಎಲ್ಲ ಉಳಿದರಾ?"

"ಉಳಿದರು."

"ಎಷ್ಟು ಬಿತ್ತು?"

ಉಕ್ಕಿಹೋಯಿತು, ಗೊತ್ತಿಲ್ಲ ಎನ್ನಲು ಅವನು ಬಾಯಿ ತೆರೆದ. ಬಾಗಿಲಲ್ಲಿ ಅಂಗಡಿ ಅಕ್ಕ ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಇನ್ನೂ ಹತ್ತು ಮುಖಗಳು. ಯಾರೂ ಹೊರಗಿನ ನೀರನ್ನು ನೋಡುತ್ತಿರಲಿಲ್ಲ, ಅವನ ಬಾಯನ್ನು ನೋಡುತ್ತಿದ್ದರು. ಮೇಜಿನ ಮೇಲೆ ಪುಸ್ತಕ ತೆರೆದಿತ್ತು, ಇಬ್ಬರ ಸಹಿಯೂ ಇತ್ತು.

"ಇನ್ನೂರ ಎಂಬತ್ತೊಂದು ಪಾಯಿಂಟ್ ನಾಲ್ಕು," ಎಂದ.

ಆ ಕಡೆ ಹಿರಿಯರು ಅದನ್ನು ಬರೆದುಕೊಂಡ ಸದ್ದು ಕೇಳಿಸಿತು. "ಥ್ಯಾಂಕ್ಸ್," ಅಂದರು.

ಕೆಳಗಿನ ಕೇರಿಯ ಐವತ್ತೆಂಟು ಮನೆಗಳಲ್ಲಿ ಇಪ್ಪತ್ತಾರು ಹೋದವು. ಇನ್ನೂರ ಹನ್ನೊಂದು ಜನ ಇದ್ದರು, ಇನ್ನೂರ ಹನ್ನೊಂದು ಜನವೂ ಉಳಿದರು. ಆ ದಿನ ಬಿದ್ದ ಮಳೆ ಎಷ್ಟೆಂಬುದು ಮಾತ್ರ ಸಿಗಲಿಲ್ಲ.